ಅಕ್ವೇರಿಯಂ ಶೋಧಕದ ನಿರ್ವಹಣೆ

ಅಕ್ವೇರಿಯಂ ಶೋಧಕವು ಮೀನುತೊಟ್ಟಿಯ ನೀರನ್ನು ನಿರಂತರವಾಗಿ ಸೆಳೆದು, ಅದರಲ್ಲಿನ ಕಲ್ಮಶಗಳನ್ನು ನಿವಾರಿಸಿ, ಮರಳಿ ತೊಟ್ಟಿಗೆ ಹರಿಸುವ ಸಾಧನವಾಗಿದೆ. ಬಳಕೆಯ ಮಾತಿನಲ್ಲಿ ಇದನ್ನು ಫಿಲ್ಟರ್ ಎಂದು ಕರೆಯುತ್ತಾರೆ. ಶೋಧಕವು ಕೊಳೆಯನ್ನು ತಡೆಯುವ ಜರಡಿ ಮಾತ್ರವಲ್ಲ; ಮೀನುಗಳು ಹೊರಹಾಕುವ ವಿಷಕಾರಿ ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳ ಮುಖ್ಯ ನೆಲೆಯೂ ಹೌದು. ಆದುದರಿಂದ ನೀರಿನ ಹರಿವಿಗೆ ಅಡ್ಡಿಯಾಗುವ ಕೊಳೆಯನ್ನು ತೆಗೆಯುವುದು ಮತ್ತು ಈ ಬ್ಯಾಕ್ಟೀರಿಯಾಗಳನ್ನು ಉಳಿಸಿಕೊಳ್ಳುವುದು, ಇವೆರಡೂ ಶೋಧಕದ ನಿರ್ವಹಣೆಯ ಉದ್ದೇಶಗಳಾಗಿವೆ.

ಶೋಧನೆಯ ವಿಧಗಳು

ಶೋಧನೆಯಲ್ಲಿ ಮೂರು ವಿಧಗಳಿವೆ. ಭೌತಿಕ ಶೋಧನೆಯಲ್ಲಿ ಸ್ಪಂಜು ಅಥವಾ ಕೃತಕ ಹತ್ತಿಯ ಪದರವು ಮಲ, ಉಳಿದ ಆಹಾರ ಮತ್ತು ಕೊಳೆತ ಎಲೆಗಳ ಕಣಗಳನ್ನು ತಡೆಯುತ್ತದೆ. ಜೈವಿಕ ಶೋಧನೆಯು ಸ್ಪಂಜು, ಪಿಂಗಾಣಿ ಉಂಗುರ ಮೊದಲಾದ ರಂಧ್ರಯುಕ್ತ ವಸ್ತುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳಿಂದ ನಡೆಯುತ್ತದೆ. ರಾಸಾಯನಿಕ ಶೋಧನೆಯಲ್ಲಿ ಸಕ್ರಿಯ ಇದ್ದಿಲು ನೀರಿನಲ್ಲಿ ಕರಗಿದ ಬಣ್ಣ ಮತ್ತು ವಾಸನೆಯ ಪದಾರ್ಥಗಳನ್ನು ತನ್ನ ಮೇಲ್ಮೈಗೆ ಹಿಡಿದುಕೊಳ್ಳುತ್ತದೆ. ಮೀನುಗಳು ಬದುಕುಳಿಯಲು ಅತ್ಯಗತ್ಯವಾದುದು ಜೈವಿಕ ಶೋಧನೆ.

ಸಾರಜನಕ ಚಕ್ರ

ಮೀನುಗಳು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾವನ್ನು ವಿಸರ್ಜಿಸುತ್ತವೆ. ನೀರಿನ ಪಿಎಚ್ ಮತ್ತು ಉಷ್ಣತೆ ಏರಿದಂತೆ ಇದರ ವಿಷತ್ವವೂ ಏರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ನೈಟ್ರೈಟ್ ಕೂಡ ಅಪಾಯಕಾರಿಯೇ. ಅದು ಮೀನಿನ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ನೈಟ್ರೇಟ್ ಇವೆರಡಕ್ಕಿಂತ ಬಹಳ ಸೌಮ್ಯವಾಗಿದ್ದು, ನೀರನ್ನು ಆಗಾಗ ಭಾಗಶಃ ಬದಲಿಸುವ ಮೂಲಕ ಅದನ್ನು ಮಿತಿಯಲ್ಲಿಡಬಹುದು.

ನೈಟ್ರೈಟನ್ನು ಪರಿವರ್ತಿಸುವುದು ನೈಟ್ರೊಬ್ಯಾಕ್ಟರ್ ಎಂದು ದೀರ್ಘಕಾಲ ಭಾವಿಸಲಾಗಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಈ ಕಾರ್ಯವನ್ನು ನಿರ್ವಹಿಸುವುದು ನೈಟ್ರೊಸ್ಪೈರಾ ಗುಂಪಿನ ಬ್ಯಾಕ್ಟೀರಿಯಾಗಳೆಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ಗುಂಪಿನ ಕೆಲವು ಜೀವಿಗಳು ಎರಡೂ ಹಂತಗಳನ್ನು ತಾವೇ ಪೂರೈಸಬಲ್ಲವೆಂಬುದು 2015ರಲ್ಲಿ ತಿಳಿದುಬಂದಿತು. ಇವು ನಿಧಾನವಾಗಿ ವೃದ್ಧಿಯಾಗುವುದರಿಂದ ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕಾಗುತ್ತವೆ.

ಶುಚಿಗೊಳಿಸುವ ಕ್ರಮ

ಶೋಧಕದಿಂದ ಹೊರಬರುವ ನೀರಿನ ಹರಿವು ಕುಗ್ಗಿದಾಗ ಅದನ್ನು ಶುಚಿಗೊಳಿಸಬೇಕು. ಮೀನುಗಳ ಸಂಖ್ಯೆ ಮತ್ತು ಆಹಾರದ ಪ್ರಮಾಣಕ್ಕನುಗುಣವಾಗಿ ಈ ಅವಧಿ ಬದಲಾಗುತ್ತದೆ. ಮೊದಲು ವಿದ್ಯುತ್ ಸಂಪರ್ಕವನ್ನು ಕಡಿದು, ತೊಟ್ಟಿಯಿಂದಲೇ ಒಂದು ಬಕೆಟ್ ನೀರನ್ನು ತೆಗೆಯಬೇಕು. ಸ್ಪಂಜನ್ನು ಆ ನೀರಿನಲ್ಲಿ ಅದ್ದಿ, ಮೆಲ್ಲನೆ ಹಿಂಡಿ, ಸಡಿಲ ಕೊಳೆಯನ್ನಷ್ಟೇ ಹೊರಹಾಕಬೇಕು. ತೊಳೆದ ನಂತರವೂ ಸ್ಪಂಜು ಕಂದುಬಣ್ಣದ್ದಾಗಿರುವುದು ಸಹಜ. ಪಿಂಗಾಣಿ ಉಂಗುರಗಳನ್ನು ಅದೇ ನೀರಿನಲ್ಲಿ ಒಮ್ಮೆ ಅಲುಗಾಡಿಸಿದರೆ ಸಾಕು.

ನಗರಗಳ ನಲ್ಲಿ ನೀರಿಗೆ ರೋಗಾಣುಗಳ ನಾಶಕ್ಕಾಗಿ ಕ್ಲೋರಿನ್ ಬೆರೆಸಲಾಗುತ್ತದೆ. ಬೆಂಗಳೂರಿಗೆ ಪೂರೈಕೆಯಾಗುವ ಕಾವೇರಿ ನೀರೂ ಇದಕ್ಕೆ ಹೊರತಲ್ಲ. ಇಂತಹ ನೀರಿನಲ್ಲಿ ಶೋಧಕದ ಒಳವಸ್ತುಗಳನ್ನು ತೊಳೆದರೆ ಉಪಯುಕ್ತ ಬ್ಯಾಕ್ಟೀರಿಯಾಗಳಿಗೂ ಹಾನಿಯಾಗುತ್ತದೆ. ಸಾಬೂನು, ಬಿಸಿನೀರು ಮತ್ತು ಬ್ಲೀಚಿಂಗ್ ಪುಡಿಯನ್ನು ಬಳಸಲೇಬಾರದು. ಒಳವಸ್ತುಗಳು ಶಿಥಿಲವಾಗಿದ್ದರೆ ಒಮ್ಮೆಗೆ ಅರ್ಧದಷ್ಟನ್ನು ಮಾತ್ರ ಬದಲಿಸಿ, ಉಳಿದುದನ್ನು ಕೆಲವು ವಾರಗಳ ನಂತರ ಬದಲಿಸುವುದು ಸೂಕ್ತ. ಸಕ್ರಿಯ ಇದ್ದಿಲಿನ ಸಾಮರ್ಥ್ಯವು ಕೆಲವೇ ವಾರಗಳಲ್ಲಿ ಕುಂದುವುದರಿಂದ ಅದನ್ನು ಮಾತ್ರ ಪೂರ್ಣವಾಗಿ ಬದಲಿಸಬೇಕಾಗುತ್ತದೆ. ಅದು ಔಷಧಿಯನ್ನೂ ಹೀರಿಕೊಳ್ಳುವುದರಿಂದ ಮೀನುಗಳಿಗೆ ಚಿಕಿತ್ಸೆ ನೀಡುವಾಗ ಹೊರತೆಗೆದಿಡುತ್ತಾರೆ.

ಪಂಪಿನ ತಿರುಗುಚಕ್ರವನ್ನು ಮೆದುವಾದ ಬ್ರಷ್‌ನಿಂದ ಉಜ್ಜಿ ತೊಳೆಯಬಹುದು. ಗಡಸು ನೀರಿನಿಂದ ಕಟ್ಟಿದ ಸುಣ್ಣದ ಪದರವನ್ನು ತೆಗೆಯಲು ಚಕ್ರವನ್ನು ವಿನಿಗರ್‌ನಲ್ಲಿ ನೆನೆಸಿಟ್ಟು, ಚೆನ್ನಾಗಿ ತೊಳೆದು ಮರುಜೋಡಿಸಬೇಕು.

ನೀರಿನ ಬದಲಾವಣೆ

100 ಲೀಟರಿನ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಸುಮಾರು 20 ಲೀಟರ್ ನೀರನ್ನು ಬದಲಿಸುವುದು ರೂಢಿ. ಹೊಸ ನೀರಿನ ಉಷ್ಣತೆಯು ತೊಟ್ಟಿಯ ನೀರಿಗೆ ಸಮೀಪವಾಗಿರಬೇಕು. ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಕ್ಲೋರಮೈನ್ ಬೆರೆಸಿದ ನೀರಿಗೆ ಈ ವಿಧಾನ ಸಾಲದು, ಅದಕ್ಕೆ ತಕ್ಕ ಶುದ್ಧೀಕಾರಕ ದ್ರಾವಣ ಅಗತ್ಯ. ಶೋಧಕವನ್ನು ಶುಚಿಗೊಳಿಸುವ ದಿನವೇ ತೊಟ್ಟಿಯ ಜಲ್ಲಿಯನ್ನೂ ಪೂರ್ಣವಾಗಿ ತೊಳೆಯಬಾರದು, ಏಕೆಂದರೆ ಜಲ್ಲಿಯ ಮೇಲೆಯೂ ಬ್ಯಾಕ್ಟೀರಿಯಾಗಳಿರುತ್ತವೆ.

ವಿದ್ಯುತ್ ಕಡಿತ

ಜೈವಿಕ ಶೋಧನೆಗೆ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಂತಹ ಶೋಧಕಗಳಲ್ಲಿ ಹರಿವು ಹಲವು ಗಂಟೆಗಳ ಕಾಲ ನಿಂತರೆ ಒಳಗಿನ ನೀರಿನ ಆಮ್ಲಜನಕ ಮುಗಿದು, ಸಂಗ್ರಹವಾದ ಕೊಳೆಯು ಕೊಳೆಯತೊಡಗುತ್ತದೆ. ವಿದ್ಯುತ್ ಮರಳಿದ ಕೂಡಲೇ ಆ ನೀರು ತೊಟ್ಟಿಗೆ ಸೇರದಂತೆ, ಮೊದಲು ಶೋಧಕವನ್ನು ತೆರೆದು ನೀರನ್ನು ಚೆಲ್ಲಿ, ಒಳವಸ್ತುಗಳನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಬೇಕು. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಇಂತಹ ಸಮಯದಲ್ಲಿ ಮೀನುಗಳಿಗೆ ನೆರವಾಗುತ್ತದೆ.

ಅತಿಯಾದ ಶುಚಿತ್ವದ ಪರಿಣಾಮ

ಶೋಧಕವನ್ನು ಹೊಳೆಯುವಂತೆ ತೊಳೆದ ಕೆಲವು ದಿನಗಳಲ್ಲಿ ಮೀನುಗಳು ಮೇಲ್ಮೈಯಲ್ಲಿ ಬಾಯಿ ತೆರೆದು ಉಸಿರಾಡುವುದು, ಆಹಾರ ಬಿಡುವುದು ಅಥವಾ ಸಾಯುವುದು ಉಂಟು. ಅಮೋನಿಯಾ ಮತ್ತು ನೈಟ್ರೈಟ್‌ಗೆ ಬಣ್ಣವಿಲ್ಲದ ಕಾರಣ ನೀರು ತಿಳಿಯಾಗಿಯೇ ಕಾಣುತ್ತದೆ. ಪರೀಕ್ಷಾ ಕಿಟ್‌ನಿಂದ ಮಾತ್ರ ಇವುಗಳನ್ನು ಗುರುತಿಸಬಹುದು. ನೆಲೆಗೊಂಡ ತೊಟ್ಟಿಯಲ್ಲಿ ಇವೆರಡರ ಅಳತೆಯೂ ಶೂನ್ಯವಾಗಿರಬೇಕು. ಇವು ಕಂಡುಬಂದಲ್ಲಿ ಆಹಾರವನ್ನು ಕಡಿಮೆ ಮಾಡಿ, ಕ್ಲೋರಿನ್‌ರಹಿತ ನೀರನ್ನು ಪ್ರತಿದಿನ ಭಾಗಶಃ ಬದಲಿಸುತ್ತಿರಬೇಕು. ಆರೋಗ್ಯವಂತ ಮೀನುಗಳಿರುವ ಮತ್ತೊಂದು ತೊಟ್ಟಿಯ ಬಳಸಿದ ಸ್ಪಂಜನ್ನು ಶೋಧಕಕ್ಕೆ ಸೇರಿಸಿದರೆ ಬ್ಯಾಕ್ಟೀರಿಯಾಗಳು ಬೇಗ ಮರುನೆಲೆಗೊಳ್ಳುತ್ತವೆ.