ಮೆಕ್ಕೆಜೋಳದ ಸಾಲು ಎಣಿಸಿದ ಹುಡುಗ

ಆಟಿಸಂ ಇರುವ ಆರು ವರ್ಷದ ಹುಡುಗನ ತಾಯಿಯೊಬ್ಬರು ಕೇಳಿದ್ದಾರೆ: ‘ಡಾಕ್ಟರು ನಾರ್ಮಲ್ ಸ್ಕೂಲಿಗೇ ಹಾಕಿ ಅಂತಾರೆ, ಥೆರಪಿಸ್ಟು ಇನ್ನೂ ಎರಡು ವರ್ಷ ಸ್ಪೆಷಲ್ ಸ್ಕೂಲಲ್ಲೇ ಇರಲಿ ಅಂತಾರೆ. ವಿಜ್ಞಾನ ಏನು ಹೇಳುತ್ತೆ?’

ಆಟಿಸಂ ಎಂಬ ರೋಗನಿರ್ಣಯ ಪಡೆದ ಮೊದಲ ಮಗುವಿನ ಕಥೆಯಲ್ಲೇ ಈ ಪ್ರಶ್ನೆ ಇದೆ. ಅಮೆರಿಕದ ಮಿಸಿಸಿಪಿಯ ಫಾರೆಸ್ಟ್ ಎಂಬ ಪುಟ್ಟ ಊರಿನ ಡೊನಾಲ್ಡ್ ಟ್ರಿಪ್ಲೆಟ್‌ನನ್ನು ನಾಲ್ಕು ವರ್ಷ ತುಂಬುವ ಮೊದಲೇ, 1937ರಲ್ಲಿ, ವೈದ್ಯರ ಮಾತು ಕೇಳಿ ಒಂದು ಸಂಸ್ಥೆಗೆ ಸೇರಿಸಿದ್ದರು. ಅಲ್ಲಿ ಹುಡುಗ ಇನ್ನಷ್ಟು ಮಂಕಾದ. ವರ್ಷದ ಬಳಿಕ ತಂದೆ ತಾಯಿ ಮನೆಗೆ ಕರೆತಂದರು. ತಂದೆ 33 ಪುಟದ ಪತ್ರ ಬರೆದು ಮಗನ ಒಂದೊಂದು ವರ್ತನೆಯನ್ನೂ ಮನೋವೈದ್ಯ ಲಿಯೋ ಕ್ಯಾನರ್‌ಗೆ ವಿವರಿಸಿದರು. ಕ್ಯಾನರ್ 1943ರಲ್ಲಿ ಪ್ರಕಟಿಸಿದ ಹನ್ನೊಂದು ಮಕ್ಕಳ ವರದಿಯಲ್ಲಿ ಮೊದಲನೆಯವನೇ ಈ ಡೊನಾಲ್ಡ್.

1942ರ ಹೊತ್ತಿಗೆ ಅವನನ್ನು ಊರಾಚೆ ಒಂದು ರೈತ ದಂಪತಿಯ ಮನೆಯಲ್ಲಿ ಬಿಟ್ಟಿದ್ದರು. ಆ ದಂಪತಿ ಮಾಡಿದ್ದನ್ನು ಮುಂದೆ ನೋಡಲು ಹೋದ ಕ್ಯಾನರ್ ಬೆರಗಾದರು. ಹುಡುಗನಿಗೆ ಅಳೆಯುವ ಗೀಳು. ಬಾವಿ ತೋಡಿಸಿ ಅದರ ಆಳ ಅಳೆದು ಹೇಳು ಅಂದರು. ಸತ್ತ ಹಕ್ಕಿ, ಹುಳು ಹುಪ್ಪಟೆ ಕೂಡಿಡುತ್ತಿದ್ದ. ಹೊಲದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟು ಅಲ್ಲೇ ಹೂಳು ಅಂದರು. ಅವನು ಅಲ್ಲಿ ಗುರುತಿನ ಫಲಕಗಳನ್ನೂ ನೆಟ್ಟ. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಉಳುತ್ತಲೇ ಎಣಿಸು ಅಂದರು, ಕೆಲಸವೂ ಆಯಿತು. ಹತ್ತಿರದ ಹಳ್ಳಿ ಶಾಲೆ ಅವನ ವಿಚಿತ್ರಗಳನ್ನು ಹಾಗೆಯೇ ಒಪ್ಪಿಕೊಂಡಿತು. ಡೊನಾಲ್ಡ್ 1958ರಲ್ಲಿ ಕಾಲೇಜು ಪದವಿ ಪಡೆದ, ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿಕೊಂಡು ದೇಶ ವಿದೇಶ ತಿರುಗಿದ. ತೀರಿಕೊಂಡಿದ್ದು 2023ರಲ್ಲಿ, 89ನೇ ವಯಸ್ಸಿಗೆ.

ಹನ್ನೊಂದು ಮಕ್ಕಳು ಏನಾದರೆಂದು ಕ್ಯಾನರ್ 1971ರಲ್ಲಿ ಮತ್ತೆ ಬರೆದರು. ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರು ಇದ್ದ ಚುರುಕನ್ನೂ ಕಳೆದುಕೊಂಡಿದ್ದರು. ಇದನ್ನು ಹಿಡಿದು ‘ಹಾಗಾದರೆ ಸ್ಪೆಷಲ್ ಸ್ಕೂಲ್ ಕೆಟ್ಟದ್ದು’ ಅನ್ನುವವರಿದ್ದಾರೆ. ಅಂದಿನ ಆ ಆಸ್ಪತ್ರೆಗಳಿಗೂ ಇಂದು ಆರೇಳು ಮಕ್ಕಳಿಗೆ ಒಬ್ಬ ತರಬೇತಾದ ಶಿಕ್ಷಕಿ ಇರುವ, ದಿನದ ಕೆಲಸವನ್ನೆಲ್ಲ ಚಿತ್ರಗಳಲ್ಲಿ ಗೋಡೆಗೆ ಅಂಟಿಸಿ ‘ಮುಂದೇನು’ ಎಂಬ ಆತಂಕವನ್ನೇ ತೆಗೆದುಹಾಕುವ ವಿಶೇಷ ಶಾಲೆಗೂ ಸಂಬಂಧವಿಲ್ಲ. ಎರಿಕ್ ಶಾಪ್ಲರ್ ಉತ್ತರ ಕೆರೊಲಿನಾದಲ್ಲಿ ರೂಪಿಸಿದ ‘ಟೀಚ್’ ಕ್ರಮವೇ ಈ ಚಿತ್ರಪಟ್ಟಿಗಳನ್ನು ಜನಪ್ರಿಯಗೊಳಿಸಿದ್ದು.

ಇನ್ನೊಂದು ಕಡೆ ‘ನಾರ್ಮಲ್ ಸ್ಕೂಲಿಗೆ ಸೇರಿದ’ ಎಂಬುದನ್ನೇ ವಾಸಿಯಾದದ್ದರ ಸರ್ಟಿಫಿಕೇಟು ಮಾಡಿಕೊಂಡಿದ್ದೇವೆ. ಇದರ ಬೇರು 1987ರಲ್ಲಿದೆ. ಲಾಸ್ ಏಂಜಲೀಸಿನ ಮನೋವಿಜ್ಞಾನಿ ಇವಾರ್ ಲೋವಾಸ್, ವಾರಕ್ಕೆ ಸುಮಾರು ನಲವತ್ತು ಗಂಟೆ ಥೆರಪಿ ಪಡೆದ 19 ಮಕ್ಕಳಲ್ಲಿ ಒಂಬತ್ತು ಮಂದಿ ಎಲ್ಲರಂತಾದರು ಎಂದು ಪ್ರಕಟಿಸಿದರು. ಎಲ್ಲರಂತಾದದ್ದು ಗೊತ್ತಾದದ್ದು ಹೇಗೆ? ಐಕ್ಯೂ ಸರಿಯಾಗಿದೆ, ಸಾಮಾನ್ಯ ಶಾಲೆಯ ಒಂದನೇ ತರಗತಿ ಪಾಸು. ಶಾಪ್ಲರ್ ಮತ್ತು ಸಂಗಡಿಗರು ಆಗಲೇ ಆಕ್ಷೇಪ ಎತ್ತಿದ್ದರು: ಮಗು ಯಾವ ತರಗತಿಯಲ್ಲಿ ಕೂರುತ್ತದೆ ಎಂಬುದನ್ನು ಪೋಷಕರ ಪಟ್ಟು, ಶಾಲೆಯ ನೀತಿಯೂ ತೀರ್ಮಾನಿಸುತ್ತವಲ್ಲ! ಆದರೂ ನಮ್ಮ ಥೆರಪಿ ಕೇಂದ್ರಗಳ ಜಾಹೀರಾತುಗಳು ಇಂದಿಗೂ ಅದೇ ಅಳತೆಗೋಲು ಹಿಡಿದಿವೆ.

ನನಗೆ ಹೆಚ್ಚು ಹಿಡಿಸಿದ ಅಧ್ಯಯನ ಸಂಶೋಧಕಿ ಕಾನಿ ಕಸಾರಿ ತಂಡದ್ದು. ಸಾಮಾನ್ಯ ಶಾಲೆಯಲ್ಲೇ ಓದುತ್ತಿದ್ದ, ಆಟಿಸಂ ಇರುವ 60 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವರಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಗೆಳೆತನದ ಪಾಠ. ಇನ್ನು ಕೆಲವು ಕಡೆ ಆ ಮಗುವನ್ನು ಕರೆಯಲೇ ಇಲ್ಲ. ಅದರ ಮೂವರು ಸಹಪಾಠಿಗಳನ್ನು ಕರೆದು, ಒಂಟಿಯಾಗಿ ಉಳಿಯುವವರನ್ನು ಆಟಕ್ಕೆ ಸೇರಿಸಿಕೊಳ್ಳುವುದು ಹೇಗೆಂದು ಆರು ವಾರ ಕಲಿಸಿದರು. ಸಹಪಾಠಿಗಳು ಕಲಿತ ಕಡೆಯೇ ಆಟದ ಬಯಲಿನ ಒಂಟಿತನ ತಗ್ಗಿತು, ಗೆಳೆಯರ ಪಟ್ಟಿಯಲ್ಲಿ ಮಗುವಿನ ಹೆಸರು ಹೆಚ್ಚು ಸಲ ಬಂತು. 2012ರಲ್ಲಿ ಪ್ರಕಟವಾದ ಈ ಫಲಿತಾಂಶ ಮೂರು ತಿಂಗಳ ನಂತರವೂ ಉಳಿದಿತ್ತು.

ನಮ್ಮಲ್ಲಿ ಆಗುತ್ತಿರುವುದು ಇದರ ತಿರುವುಮುರುವು. ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳಲ್ಲಿ ‘ಶ್ಯಾಡೋ ಟೀಚರ್ ನೀವೇ ಇಟ್ಟುಕೊಳ್ಳಿ’ ಅನ್ನುವುದು ಮಾಮೂಲು. ತರಗತಿಯಲ್ಲಿ ಮಗುವಿನ ಜೊತೆಗೇ ಇರುವ ಈ ಸಹಾಯಕರ ಸಂಬಳ ಪೋಷಕರದ್ದು. ಮಗುವಿನ ಪಕ್ಕ ಸದಾ ಒಬ್ಬ ದೊಡ್ಡವರು ಅಂಟಿಕೊಂಡಿದ್ದರೆ ಯಾವ ಮಗು ತಾನೇ ಹತ್ತಿರ ಸುಳಿದೀತು? ಶ್ಯಾಡೋ ಬೇಡ ಎನ್ನುತ್ತಿಲ್ಲ; ಬಿಡುವಿನ ಹೊತ್ತಿಗೆ ಹತ್ತು ಹೆಜ್ಜೆ ಹಿಂದೆ ನಿಲ್ಲಲು ಬರುವವರು ಬೇಕು.

ಕಾನೂನು ಮಾತ್ರ ಪೋಷಕರ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಪ್ರಮಾಣ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆ ಅಥವಾ ವಿಶೇಷ ಶಾಲೆ, ಯಾವುದು ಬೇಕೋ ಅಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಒಮ್ಮೆ ಆರಿಸಿದ ಮೇಲೆ ಬದಲಿಸಬಾರದೆಂದು ಅದರಲ್ಲೆಲ್ಲೂ ಇಲ್ಲ.

ಹಾಗಾಗಿ ಆ ತಾಯಿಗೆ ನನ್ನ ಸಲಹೆ ಇಷ್ಟು. ಮಾತು ಇನ್ನೂ ಬಾರದ, ಗದ್ದಲಕ್ಕೆ ತಲೆ ಚಚ್ಚಿಕೊಳ್ಳುವ ಮಗುವನ್ನು ಐವತ್ತು ಮಕ್ಕಳ ಕೊಠಡಿಗೆ ನೂಕುವುದಕ್ಕಿಂತ ಸದ್ಯಕ್ಕೆ ಒಳ್ಳೆಯ ವಿಶೇಷ ಶಾಲೆಯೇ ಮೇಲು. ಸಾಮಾನ್ಯ ಶಾಲೆಯ ಯೋಚನೆ ಇದ್ದರೆ ಪ್ರಾಂಶುಪಾಲರು ಕೊಟ್ಟ ಸಮಯಕ್ಕೆ ಹೋಗುವ ಬದಲು ಊಟದ ಬಿಡುವಿಗೆ ಹೋಗಿ. ಗಂಟೆ ಎಷ್ಟು ಜೋರಾಗಿ ಹೊಡೆಯುತ್ತದೆ, ಶೌಚಾಲಯ ಹೇಗಿದೆ, ಮೂಲೆಯಲ್ಲಿ ಒಂಟಿಯಾಗಿ ಕೂತವರನ್ನು ಯಾರಾದರೂ ಮಾತಾಡಿಸುತ್ತಾರಾ ನೋಡಿ. ಆಮೇಲೆ ತರಗತಿಯ ಶಿಕ್ಷಕಿಯನ್ನು ಕೇಳಿ: ಇಡೀ ದಿನ ಬಸ್ಸಿನ ನಂಬರುಗಳನ್ನೇ ಹೇಳುವ ಹುಡುಗ ಬಂದರೆ ಗಣಿತ ಹೇಗೆ ಕಲಿಸುತ್ತೀರಿ?