ಬಿಲ್ಲಿನ ಕೂಟಕ್ಕೆ ಮರ ಸಿದ್ಧವಿದೆಯೇ?

ಅಮೆರಿಕದ ನಡುಭಾಗದ ರಾಜ್ಯಗಳಲ್ಲಿ ಬೇಸಗೆ ಬಂತೆಂದರೆ ಮರದ ಬಿಲ್ಲು ಮಾಡುವವರು ಒಂದೆಡೆ ಸೇರುತ್ತಾರೆ. ಮಿಸೌರಿ ರಾಜ್ಯದ ಮಾರ್ಷಲ್ ಎಂಬ ಸಣ್ಣ ಊರಿನಲ್ಲಿ ನಡೆಯುವ ‘ಮೋಜ್ಯಾಮ್’ ಅಂಥ ಕೂಟಗಳಲ್ಲಿ ಹೆಸರಾದದ್ದು. ವಾರಾಂತ್ಯದಲ್ಲಿ ಡೇರೆ ಹಾಕಿಕೊಂಡು, ಮರದ ನೆರಳಲ್ಲಿ ಕೂತು ಕೆತ್ತುವುದು, ಉಜ್ಜುವುದು, ಬಗ್ಗಿಸಿ ನೋಡುವುದು, ಬಾಣ ಬಿಡುವುದು. ಗುರು, ಶಿಷ್ಯ ಎಂಬ ಔಪಚಾರಿಕತೆ ಇಲ್ಲ. ಗೊತ್ತಿದ್ದವರು ಹೇಳಿಕೊಡುತ್ತಾರೆ, ಗೊತ್ತಿಲ್ಲದವರು ಪಕ್ಕದಲ್ಲಿ ನಿಂತು ಕೇಳುತ್ತಾರೆ.

ಇಂಥ ಕೂಟಗಳ ಹಿಂದೆ ಒಂದು ಮರುಹುಟ್ಟಿನ ಕಥೆಯಿದೆ. ಎರಡನೇ ಮಹಾಯುದ್ಧದ ನಂತರ ಫೈಬರ್‌ಗ್ಲಾಸ್ ಬಂದು ಅಪ್ಪಟ ಮರದ ಬಿಲ್ಲನ್ನು ಮೂಲೆಗೆ ತಳ್ಳಿತು. ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಪಡೆದ ಹಾಲೆಸ್ ಅಲೆನ್ ಇದೇ ಮಿಸೌರಿಯವನು ಎನ್ನುವುದು ತಮಾಷೆ. ಆಮೇಲೆ ಒಂದಷ್ಟು ಹಟವಾದಿಗಳು ಹಳೆಯ ಕಸುಬನ್ನು ಮತ್ತೆ ಕೈಗೆತ್ತಿಕೊಂಡರು. 1992ರಲ್ಲಿ ‘ದಿ ಟ್ರೆಡಿಷನಲ್ ಬೋಯರ್ಸ್ ಬೈಬಲ್’ ಮೊದಲ ಸಂಪುಟ ಹೊರಬಂದ ಮೇಲೆ ಮನೆಮನೆಯ ಶೆಡ್ಡುಗಳಲ್ಲಿ ಬಿಲ್ಲು ಮಾಡುವವರು ಹೆಚ್ಚಿದರು.

ಮೊದಲ ಸಲ ಹೋಗುವವರು ಹೆಚ್ಚಾಗಿ ಉಪಕರಣದ ಚಿಂತೆಯಲ್ಲಿರುತ್ತಾರೆ. ಯಾವ ಅರ, ಯಾವ ಉಳಿ, ಎಷ್ಟು ದುಡ್ಡು? ನನ್ನ ಮಟ್ಟಿಗೆ ಅದು ಎರಡನೇ ಮಾತು. ಉಪಕರಣ ಅಲ್ಲಿ ಯಾರದಾದರೂ ಎರವಲು ಸಿಗುತ್ತದೆ, ಒಣಗಿದ ಮರವನ್ನು ಮಾತ್ರ ಯಾರೂ ಎರವಲು ಕೊಡಲಾರರು. ಕೂಟ ಮೂರು ದಿನದ್ದಾದರೂ ಅದರ ತಯಾರಿ ಹಿಂದಿನ ಚಳಿಗಾಲದಲ್ಲೇ ಶುರುವಾಗಬೇಕು.

ಮರ ಎಂದರೆ ಆ ಭಾಗದಲ್ಲಿ ಮೊದಲು ಬರುವ ಹೆಸರು ಒಸೇಜ್ ಆರೆಂಜ್. ಹೆಸರಲ್ಲಿ ಕಿತ್ತಳೆ ಇದ್ದರೂ ಇದು ನಮ್ಮ ಹಲಸು, ಹಿಪ್ಪುನೇರಳೆಗಳ ಕುಟುಂಬದ ಮರ. ಕಡಿದ ಕೂಡಲೇ ಚೇಗು ಹಲಸಿನ ಚೇಗಿನ ಹಾಗೆಯೇ ಹಳದಿ, ಬಿಸಿಲು ಬಿದ್ದಂತೆಲ್ಲ ಕಂದು. ಇದರ ಮೂಲ ನೆಲೆ ಟೆಕ್ಸಸ್, ಒಕ್ಲಹೋಮ, ಅರ್ಕನ್ಸಾ ಸೇರುವ ರೆಡ್ ನದಿಯ ಆಸುಪಾಸು. ಮುಳ್ಳುತಂತಿ ಬರುವ ಮೊದಲು, 19ನೇ ಶತಮಾನದಲ್ಲಿ, ರೈತರು ಇದನ್ನು ಬೇಲಿಗೆಂದು ಸಾಲುಸಾಲಾಗಿ ನೆಟ್ಟರು. ಹಾಗಾಗಿ ಕನ್ಸಾಸ್, ಮಿಸೌರಿಗಳ ಹೊಲದ ಬದುಗಳಲ್ಲಿ ಇಂದಿಗೂ ಬೇಕಾದಷ್ಟಿದೆ. ಬೇಲಿ ಸವರುವ ರೈತರನ್ನು ಕೇಳಿದರೆ ದಿಮ್ಮಿ ಸಿಗುತ್ತದೆ. ಒಸೇಜ್ ಸಿಗದವರು ಹಿಕರಿ, ಎಲ್ಮ್, ಬಿಳಿ ಆ್ಯಶ್ ಮರಗಳಲ್ಲಿ ಮಾಡುತ್ತಾರೆ, ಅವೂ ಒಳ್ಳೆಯವೇ.

ಆರಡಿ ಉದ್ದದ, ಗಂಟು ಕಡಿಮೆ ಇರುವ, ತಿರುಚಿಕೊಳ್ಳದ ದಿಮ್ಮಿ ಆರಿಸಬೇಕು. ಕಡಿದ ದಿನವೇ ಎರಡೂ ತುದಿಗಳಿಗೆ ಅಂಟನ್ನೋ ಬಣ್ಣವನ್ನೋ ದಪ್ಪಗೆ ಬಳಿಯಬೇಕು. ಇಲ್ಲದಿದ್ದರೆ ತುದಿಯಿಂದ ನೀರು ಬೇಗ ಆರಿ ಸೀಳು ಬಿಡುತ್ತದೆ. ನಂತರ ಬೆಣೆ ಹೊಡೆದು ಸೀಳುವುದು. ಗರಗಸಕ್ಕೆ ಎಳೆ ಎತ್ತ ಹೋಗಿದೆಯೆಂದು ಗೊತ್ತಾಗುವುದಿಲ್ಲ, ಬೆಣೆ ಎಳೆಯ ಜಾಡಲ್ಲೇ ಹೋಗುತ್ತದೆ. ತೊಗಟೆಯನ್ನು, ಅದರ ಕೆಳಗಿನ ಬಿಳಿ ಮರವನ್ನು ಆಗಲೇ ತೆಗೆದು ಮೈಗೆ ಷೆಲ್ಲಾಕ್ ಹಚ್ಚಿಟ್ಟರೆ ಹುಳು ಕೊರೆಯುವ ಭಯ ಕಡಿಮೆ. ಇಡೀ ಸೀಳನ್ನು ಹಾಗೇ ನೆರಳಲ್ಲಿಟ್ಟರೆ ಒಣಗಲು ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಅಷ್ಟು ತಾಳ್ಮೆ ಇಲ್ಲದವರು ಅದನ್ನು ಬಿಲ್ಲಿನ ಆಕಾರಕ್ಕೆ ಒರಟಾಗಿ ಕೆತ್ತಿ, ತಿರುಚಿಕೊಳ್ಳದಂತೆ ನೇರವಾದ ಹಲಗೆಗೆ ಬಿಗಿದು ಒಣಗಿಸುತ್ತಾರೆ. ತೆಳುವಾದ್ದರಿಂದ ಕೆಲವು ವಾರಗಳಲ್ಲಿ ಕೆಲಸಕ್ಕೆ ಬರುತ್ತದೆ.

ಒಣಗಿದೆ ಎಂದು ತಿಳಿಯುವುದು ಹೇಗೆ? ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಮರದ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಮರ ಸುತ್ತಲ ಗಾಳಿಯ ತೇವಕ್ಕೆ ಹೊಂದಿಕೊಂಡಿದೆ ಎಂದರ್ಥ. ಬಿಲ್ಲಿಗೆ ಮರದಲ್ಲಿ ಶೇ. 8ರಿಂದ 10ರಷ್ಟು ತೇವ ಇದ್ದರೆ ಹದ. ಹಸಿ ಇದ್ದರೆ ಬಿಲ್ಲು ಮುರಿಯದಿರಬಹುದು, ಆದರೆ ಬಗ್ಗಿಸಿದಷ್ಟೂ ಬಗ್ಗಿಯೇ ಉಳಿದು ಬಾಣ ಸೋಮಾರಿಯಾಗುತ್ತದೆ. ಕೂಟಗಳಲ್ಲಿ ಕಾಣುವ ಸಪ್ಪೆ ಬಿಲ್ಲುಗಳಲ್ಲಿ ಬಹುಪಾಲಿನ ರೋಗ ಇದೇ.

ಮುಂದಿನ ಹೆಜ್ಜೆ ಬಿಲ್ಲಿನ ಬೆನ್ನು ತೆಗೆಯುವುದು. ಬಾಣ ಬಿಡುವವನಿಗೆ ಎದುರಾಗಿರುವ ಮೈ ಹೊಟ್ಟೆ, ಗುರಿಯತ್ತ ಮುಖ ಮಾಡಿದ್ದು ಬೆನ್ನು. ಬಗ್ಗಿಸಿದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಮೈಯಲ್ಲಿ ಎಳೆ ತುಂಡಾಗಿದ್ದರೆ ಅಲ್ಲಿಂದಲೇ ಸಿಬಿರು ಏಳುತ್ತದೆ. ಆದ್ದರಿಂದ ಒಸೇಜ್ ಬಿಲ್ಲಿನ ಬೆನ್ನು ತುದಿಯಿಂದ ತುದಿಗೆ ಒಂದೇ ವಾರ್ಷಿಕ ಉಂಗುರದ್ದಾಗಿರಬೇಕು. ಪ್ರತಿ ಉಂಗುರದಲ್ಲಿ ಎರಡು ಪದರ: ವಸಂತದಲ್ಲಿ ಬೆಳೆದ ತೂತುತೂತಾದ ಪೊಳ್ಳು ಪದರ, ಬೇಸಗೆಯಲ್ಲಿ ಬೆಳೆದ ಗಟ್ಟಿ ಪದರ. ಎರಡು ಹಿಡಿಯ ಎಳೆಗತ್ತಿಯಿಂದ ಮೇಲಿನ ಉಂಗುರವನ್ನು ಸೀಳಿ ತೆಗೆಯುತ್ತಾ ಬಂದರೆ ಗಟ್ಟಿ ಮರದಲ್ಲಿ ಕತ್ತಿ ಮೆತ್ತಗೆ ಜಾರುತ್ತದೆ, ಪೊಳ್ಳು ಪದರ ಮುಟ್ಟಿದ ಕ್ಷಣ ಹಪ್ಪಳ ಮುರಿದಂಥ ಸದ್ದು. ಸದ್ದು ಕೇಳಿದಲ್ಲಿ ಕತ್ತಿ ನಿಲ್ಲಿಸಿ ಸ್ಕ್ರೇಪರ್ ತೆಗೆದುಕೊಳ್ಳಬೇಕು, ಪೊಳ್ಳನ್ನಷ್ಟೇ ಕೆರೆದರೆ ಕೆಳಗೆ ನಯವಾದ ಹೊಳಪಿನ ಮೈ ಕಾಣುತ್ತದೆ. ಗಂಟು ಬಂದಲ್ಲಿ ಉಂಗುರ ಉಬ್ಬಿರುತ್ತದೆ. ಆ ಉಬ್ಬನ್ನು ಮಟ್ಟ ಮಾಡಲು ಹೋಗಬಾರದು, ಅದರ ಮೇಲೇರಿ ಇಳಿಯಬೇಕು. ಇದಕ್ಕೆ ಹೊಸಬರಿಗೆ ಒಂದಿಡೀ ದಿನ ಹಿಡಿಯಬಹುದು, ಹಾಗಾಗಿ ಮನೆಯಲ್ಲೇ ಮುಗಿಸಿಕೊಂಡು ಹೋಗುವುದು ಲೇಸು.

ಕೂಟಕ್ಕೆ ಯಾವ ಹಂತದ ಬಿಲ್ಲು ಒಯ್ಯಬೇಕು? ಬೆನ್ನು ತೆಗೆದು, ಆಕಾರ ಬರೆದು, ನೆಲಕ್ಕೆ ತುದಿ ಊರಿ ಒತ್ತಿದರೆ ಕೊಂಚ ಬಳುಕುವಷ್ಟು ತೆಳುಮಾಡಿದ್ದು. ಅಲ್ಲಿಂದ ಮುಂದಿನದೇ ಟಿಲ್ಲರಿಂಗ್, ಅಂದರೆ ಎರಡೂ ತೋಳು ಸಮವಾಗಿ ಬಗ್ಗುವಂತೆ ಮಾಡುವ ಕೆಲಸ. ಕೂಟದಲ್ಲಿ ಕಲಿಯಬೇಕಾದ್ದು ಇದನ್ನೇ. ಪುಸ್ತಕ, ವಿಡಿಯೊ ಎಷ್ಟು ನೋಡಿದರೂ ತೋಳಿನ ಯಾವ ನಾಲ್ಕು ಅಂಗುಲ ಬಗ್ಗುತ್ತಿಲ್ಲ ಎಂದು ಬೆರಳಿಟ್ಟು ತೋರಿಸುವವರು ಬೇಕು. ಬಿಲ್ಲನ್ನು ಗೂಟಕ್ಕೆ ಸಿಕ್ಕಿಸಿ, ರಾಟೆಯ ಹಗ್ಗದಿಂದ ಹೆದೆ ಎಳೆದು, ದೂರ ನಿಂತು ನೋಡುತ್ತಾರೆ. ಪೆಡಸಾಗಿರುವ ಜಾಗಕ್ಕೆ ಪೆನ್ಸಿಲ್ ಗುರುತು, ಅಲ್ಲಿ ಹೊಟ್ಟೆಯ ಕಡೆಯಿಂದ ನಾಲ್ಕಾರು ಕೆರೆತ. ಕೆರೆದ ಮೇಲೆ ಹತ್ತಿಪ್ಪತ್ತು ಸಲ ಮೆಲ್ಲಗೆ ಎಳೆದು ಬಿಡಬೇಕು, ಏಕೆಂದರೆ ಮರ ತನ್ನ ಹೊಸ ಬಾಗನ್ನು ಕೂಡಲೇ ತೋರಿಸುವುದಿಲ್ಲ. 28 ಅಂಗುಲ ಎಳೆತಕ್ಕೆ 45 ಪೌಂಡಿನ ಬಿಲ್ಲು ಬೇಕಿದ್ದರೆ ಯಾವ ಹಂತದಲ್ಲೂ 45 ಪೌಂಡಿಗಿಂತ ಹೆಚ್ಚು ಎಳೆಯಬಾರದು. ತೂಕದ ಕೊಕ್ಕೆ ತಕ್ಕಡಿಯೊಂದನ್ನು ಜೊತೆಗೆ ಒಯ್ಯಿರಿ.

ಸೊಟ್ಟಗಿರುವ ಮರವನ್ನು ಹೀಟ್‌ಗನ್ನಿನಲ್ಲಿ ಕಾಯಿಸಿ ನೇರ ಮಾಡುವುದು ಅಲ್ಲಿ ಕಣ್ಣಿಗೆ ಹಬ್ಬ. ಆದರೆ ಕಾಯಿಸಿದ ಜಾಗದ ತೇವ ಆರಿ ಮರ ಪೆಡಸಾಗಿರುತ್ತದೆ. ಶುಕ್ರವಾರ ಕಾಯಿಸಿ ಶನಿವಾರ ಪೂರ್ತಿ ಎಳೆದರೆ ಮುರಿಯುವುದೇ ಹೆಚ್ಚು. ಆ ಕೆಲಸವನ್ನು ಹೊರಡುವ ವಾರಕ್ಕೂ ಮುಂಚೆ ಮುಗಿಸಿಕೊಳ್ಳಿ.

ಇನ್ನು ಉಪಕರಣ. ಕೈಗೊಡಲಿ, ಎಳೆಗತ್ತಿ, ಕುದುರೆ ಗೊರಸು ತಿಕ್ಕುವ ದೊಡ್ಡ ಅರ, ಅರೆದುಂಡು ಅರ, ಸ್ಕ್ರೇಪರ್, ಎರಡು ಕ್ಲ್ಯಾಂಪ್, ಅಳತೆಪಟ್ಟಿ, ಉದ್ದನೆಯ ಹೆದೆ. ಎಲ್ಲದಕ್ಕೂ ನಿಮ್ಮದೇ ಬಣ್ಣದ ಗೆರೆ ಬಳಿದಿಡಿ, ಸಂಜೆಯ ಹೊತ್ತಿಗೆ ಯಾರ ಅರ ಯಾರ ಕೈಲಿರುತ್ತದೋ ಹೇಳಲಾಗದು. ಒಸೇಜ್ ದೂಳು ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಬಿಲ್ಲಿಗೆ ಬಳಸುವ ಯೂ ಮರವಂತೂ ವಿಷದ್ದು. ಮುಖಗವಸು ಇರಲಿ, ಬಿಳಿ ಅಂಗಿ ಬೇಡ. ಒಸೇಜಿನ ಹಳದಿ ಬಣ್ಣವನ್ನು ಹಿಂದೆ ಬಟ್ಟೆಗೆ ಹಾಕಲೆಂದೇ ತೆಗೆಯುತ್ತಿದ್ದರು.

ಮಿಸೌರಿಯ ಬೇಸಗೆ ಸೆಕೆಯದು. ಹದವಾಗಿ ಒಣಗಿದ ಬಿಲ್ಲು ಕೂಡ ಅಲ್ಲಿನ ಗಾಳಿಯಿಂದ ತೇವ ಹೀರಿ ಎಳೆತದ ಬಲದಲ್ಲಿ ಕೆಲವು ಪೌಂಡು ಕಳೆದುಕೊಳ್ಳುತ್ತದೆ. ರಾತ್ರಿ ಡೇರೆಯ ನೆಲದಲ್ಲಿಡುವ ಬದಲು ಕಾರಿನೊಳಗೆ, ಹೆದೆ ಇಳಿಸಿ ಇಡಿ.

ಮುರಿದ ಬಿಲ್ಲಿದ್ದರೆ ನಾಚಿಕೆಪಡದೆ ತುಂಡುಗಳನ್ನೂ ಒಯ್ಯಿರಿ. ಬಲ್ಲವರು ಮುರಿತವನ್ನೇ ಓದುತ್ತಾರೆ. ಬೆನ್ನಲ್ಲಿ ಉದ್ದ ಸಿಬಿರು ಎದ್ದಿದ್ದರೆ ಉಂಗುರ ಕಡಿದುಹೋಗಿತ್ತು, ಹೊಟ್ಟೆಯಲ್ಲಿ ಅಡ್ಡಡ್ಡ ಸಣ್ಣ ಸುಕ್ಕುಗೆರೆ ಇದ್ದರೆ ಆ ಜಾಗ ಒಂದೇ ಇಡೀ ಬಾಗನ್ನು ಹೊತ್ತಿತ್ತು. ಚೆನ್ನಾಗಿರುವ ಬಿಲ್ಲು ಹೊಗಳಿಕೆ ತರುತ್ತದೆ, ಮುರಿದದ್ದು ಪಾಠ ತರುತ್ತದೆ.

ನಡತೆಯ ಒಂದೆರಡು ಮಾತು. ಬೇರೆಯವರ ಬಿಲ್ಲನ್ನು ಕೇಳದೆ ಮುಟ್ಟಬಾರದು. ಕೊಟ್ಟರೆ ಮೊದಲು ಕೇಳಬೇಕಾದ್ದು ‘ಎಷ್ಟು ಅಂಗುಲಕ್ಕೆ ಮಾಡಿದ್ದು?’ ಎಂದು. 26 ಅಂಗುಲದ ಬಿಲ್ಲನ್ನು ಉದ್ದ ತೋಳಿನವರು 30 ಎಳೆದರೆ ವರ್ಷದ ಕೆಲಸ ಎರಡು ತುಂಡು. ಬಾಣವಿಲ್ಲದೆ ಹೆದೆ ಎಳೆದು ಬಿಡುವುದಂತೂ ಯಾವತ್ತಿಗೂ ಇಲ್ಲ. ಬಾಣಗಳನ್ನು ಕೊಟ್ಟು ಕೊಳ್ಳುವಾಗ ಗರಿ ಯಾವ ಹಕ್ಕಿಯದೆಂದು ನೋಡಿ. ಟರ್ಕಿ ಕೋಳಿಯ ಗರಿಗೆ ಅಡ್ಡಿಯಿಲ್ಲ. ಗಿಡುಗ, ಗೂಬೆಯ ಗರಿ ನೆಲದಲ್ಲಿ ಬಿದ್ದು ಸಿಕ್ಕಿದ್ದಾದರೂ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು 1918ರ ವಲಸೆ ಹಕ್ಕಿಗಳ ಕಾಯ್ದೆಯಡಿ ಅಪರಾಧ. ತೊಗಟೆ ಇರುವ ಆ್ಯಶ್ ದಿಮ್ಮಿಯನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯದಿರುವುದೂ ಒಳ್ಳೆಯದು. 2002ರಲ್ಲಿ ಮಿಷಿಗನ್‌ನಲ್ಲಿ ಮೊದಲು ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹುಳು ಸೌದೆಯ ಜೊತೆಯೇ ಊರೂರು ಸುತ್ತಿ ಕೋಟಿಗಟ್ಟಲೆ ಮರ ತಿಂದಿದೆ.

ಅಮೆರಿಕದಲ್ಲಿರುವ ಕನ್ನಡಿಗರು ವಿಮಾನದಲ್ಲಿ ಹೋಗುವುದಾದರೆ ಬಿಲ್ಲು, ಬಾಣ, ಎಳೆಗತ್ತಿ ಎಲ್ಲವೂ ಚೆಕ್ ಇನ್ ಸಾಮಾನಿನಲ್ಲೇ ಹೋಗಬೇಕು, ಗಟ್ಟಿ ಕೊಳವೆಯಲ್ಲಿಟ್ಟರೆ ಕ್ಷೇಮ. ಒಂದು ಒಸೇಜ್ ಸೀಳನ್ನು ಊರಿಗೂ ತರೋಣವೆಂಬ ಆಸೆ ಇದ್ದರೆ ಹಸಿ ಮರಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರದ ತಾಪತ್ರಯವಿದೆ. ಊರಲ್ಲಿರುವವರಿಗೆ ಬಿದಿರು ಇದ್ದೇ ಇದೆ. ಅದರ ಹೊರಮೈ ಎಳೆತಕ್ಕೆ ಬಲು ಗಟ್ಟಿ, ಬೆನ್ನಿಗೆ ಹೇಳಿ ಮಾಡಿಸಿದ್ದು. ಮಳೆಗಾಲ ಕಳೆದ ಮೇಲೆ ಕಡಿದ ಬಲಿತ ಬಿದಿರಿಗೆ ಕುಟ್ಟೆ ಹತ್ತುವುದು ಕಡಿಮೆ.

ಬರುವ ಬೇಸಗೆಯ ಕೂಟಕ್ಕೆ ಹೋಗುವ ಮನಸ್ಸಿದ್ದರೆ ಈ ಡಿಸೆಂಬರಿನಲ್ಲೇ ದಿಮ್ಮಿ ಸೀಳಿ, ತುದಿಗೆ ಅಂಟು ಬಳಿದಿಡಿ. ಒಂದಲ್ಲ, ಎರಡು ಸೀಳು ಇರಲಿ. ಒಂದು ಮುರಿದೇ ಮುರಿಯುತ್ತದೆ.