ಡಬ್ಬಿಯಲ್ಲಿ ಉಳಿದ ಯಮುನಕ್ಕ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ಇಂದು ಯಾರೂ ನೋಡಲಾರರು. 1934ರಲ್ಲಿ ತೆರೆಕಂಡ ಅದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿರುವ ನಮಗೆ ಇದು ಸ್ವಲ್ಪ ಹೆಚ್ಚೇ ಚುಚ್ಚಬೇಕು. ಏಕೆಂದರೆ ಅದು ತಯಾರಾದದ್ದು ಬೆಂಗಳೂರಿನಲ್ಲಲ್ಲ, ಇಲ್ಲೇ ಪಕ್ಕದ ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಲ್ಲಿಗೆ ಬಂದು ದುಡಿದರು. ಕೆಲಸಕ್ಕೆಂದು ಗಡಿ ದಾಟಿದವರು. ಆ ಲೆಕ್ಕದಲ್ಲಿ ನಮ್ಮವರೇ.

ಹಳೆಯ ಚಿತ್ರಗಳು ಮಾಯವಾಗಿದ್ದು ಬರೀ ಮರೆವಿನಿಂದಲ್ಲ. ಆ ಕಾಲದ ನೈಟ್ರೇಟ್ ಫಿಲಂ ಕಿಡಿ ತಾಗಿದರೆ ಭಗ್ಗನೆ ಉರಿಯುತ್ತಿತ್ತು. ಓಡಿ ಮುಗಿದ ಚಿತ್ರದ ರೀಲುಗಳನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸುವವರಿದ್ದರು. ಆಮೇಲೆ ಬಂದ ಅಸಿಟೇಟ್ ಫಿಲಂ ಸುಡಲಿಲ್ಲವಾದರೂ ಸೆಕೆ, ತೇವಕ್ಕೆ ಕೊಳೆಯಿತು. ಡಬ್ಬಿ ತೆರೆದಾಗ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿದರೆ ಅದರ ಆಯಸ್ಸು ಮುಗಿಯುತ್ತಾ ಬಂತೆಂದೇ ತಿಳಿಯಬೇಕು.

ಇದನ್ನೆಲ್ಲ ತಡೆಯಲು ನಿಂತವರು ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ಉಳಿದ ರೀಲುಗಳು ನಮಗೆ ದಕ್ಕಿದ್ದು ಅವರಿಂದ. ನಮಗೆ ಇನ್ನೊಂದು ಋಣವೂ ಇದೆ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿಗೆ ಸಂಗ್ರಹಾಲಯದ ಚಿತ್ರಗಳು ಹೋದವು. ಅಡಿಕೆ ತೋಟದ ಊರಿನ ಜನ ಕುಳಿತು ಕುರೊಸಾವಾನ 'ರಾಶೋಮನ್' ನೋಡಿದರು. ಜನಕ್ಕೆ ಅರ್ಥವಾಗೋಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಹೆಗ್ಗೋಡು.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಸ್ವರ್ಣಕಮಲ ಪಡೆದ ಚಿತ್ರ. ನಾನು ಅದನ್ನು ನೋಡಿದ್ದು ವರ್ಷಗಳ ಹಿಂದೆ, ಗೀರು ತುಂಬಿದ ಪ್ರತಿಯಲ್ಲಿ. ರಾತ್ರಿಯ ದೃಶ್ಯಗಳಲ್ಲಿ ಯಮುನಕ್ಕನ ಮುಖವೇ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು. ಎಸ್. ರಾಮಚಂದ್ರರ ಕ್ಯಾಮೆರಾ ಕತ್ತಲಲ್ಲಿ ಏನನ್ನು ಹಿಡಿದಿತ್ತೋ ಊಹಿಸಿಕೊಳ್ಳಬೇಕಿತ್ತು. ಅದೃಷ್ಟಕ್ಕೆ ಮೂಲ ನೆಗೆಟಿವ್ ಈ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದಕ್ಕೆ ಮರುಜೀವ ಕೊಟ್ಟವು. ಕೆಲಸ ನಡೆದದ್ದು ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಊರಲ್ಲೇ ಡಬ್ಬಿಯಲ್ಲಿದ್ದ ಯಮುನಕ್ಕನ ಮುಖವನ್ನು ವೆನಿಸ್‌ನವರು ನೋಡಿದರು, ನಾನಿನ್ನೂ ನೋಡಿಲ್ಲ.

ಸಂಗ್ರಹಾಲಯದಲ್ಲಿ ಪ್ರತಿ ಇದ್ದ ಮಾತ್ರಕ್ಕೆ ಯಾರು ಬೇಕಾದರೂ ತಂದು ತೋರಿಸುವಂತಿಲ್ಲ. ಹಕ್ಕು ನಿರ್ಮಾಪಕರದು, ಅವರಿಲ್ಲದಿದ್ದರೆ ವಾರಸುದಾರರದು. ಎಷ್ಟೋ ಹಳೆಯ ಚಿತ್ರಗಳಿಗೆ ಆ ವಾರಸುದಾರರು ಯಾವ ಊರಲ್ಲಿದ್ದಾರೆಂದು ಹುಡುಕುವುದೇ ದೊಡ್ಡ ಕೆಲಸ. ಪತ್ರ, ಅನುಮತಿ, ಶುಲ್ಕ, ಸಭಾಂಗಣ, ಒಳ್ಳೆಯ ಪ್ರೊಜೆಕ್ಟರ್. ಜೊತೆಗೆ ಕನ್ನಡ ಓದಲು ಬಾರದ ನಮ್ಮ ಮಕ್ಕಳಿಗಾಗಿ ಇಂಗ್ಲಿಷ್ ಅಡಿಬರಹ. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಇದಕ್ಕಿಂತ ಹೆಚ್ಚು ಓಡಾಡುತ್ತೇವೆ, ಹೆಚ್ಚು ಖರ್ಚೂ ಮಾಡುತ್ತೇವೆ ಬಿಡಿ.

ನಮ್ಮ ಸಂಘದ ಸಮಿತಿಗೆ ಮನವಿ ಕೊಟ್ಟಿದ್ದೇನೆ. ಖಜಾಂಚಿಗಳು ಕೇಳಿದ್ದು ಒಂದೇ ಪ್ರಶ್ನೆ: "ಕಪ್ಪು-ಬಿಳುಪು ಚಿತ್ರಕ್ಕೆ ಜನ ಬರ್ತಾರೇನ್ರೀ?" ನಲವತ್ತು ಜನರ ಹೆಸರು ಬರೆಸಿಕೊಂಡು ಬಂದರೆ ಮುಂದಿನ ಮಾತು ಎಂದಿದ್ದಾರೆ. ಸದ್ಯ ಹನ್ನೊಂದು ಆಗಿವೆ.